ಸೂಜಿಮೊನೆಯಷ್ಟು ರಂಧ್ರ

ದಕ್ಷಿಣ ಬೆಂಗಳೂರನ್ನು ನೋಡಬಂದ ಅತಿಥಿಗೆ ನಾವು ತೋರಿಸುವ ಸ್ಥಳಗಳು ಬಹುಮಟ್ಟಿಗೆ ಗೊತ್ತಾದವೇ. ಲಾಲ್‌ಬಾಗಿನ ಬಂಡೆ, ಜಯನಗರದ ಅಶೋಕಸ್ತಂಭ, ನಾಲ್ಕನೆಯ ಬ್ಲಾಕಿನ ಅಂಗಡಿಸಾಲು, ಕನಕಪುರ ರಸ್ತೆಯ ಬನಶಂಕರಿ ದೇವಾಲಯ: ಇಷ್ಟಾದರೆ ಒಂದು ದಿನ ಸಾರ್ಥಕವಾಯಿತೆಂದು ತಿಳಿಯುತ್ತೇವೆ. ಆದರೆ ಊರೊಂದರ ಒಳಮನೆಯನ್ನು ಅರಿಯಬೇಕಾದರೆ ಅಲ್ಲಿ ಒಲೆ ಹೇಗೆ ಉರಿಯುತ್ತದೆಂಬುದನ್ನು ನೋಡಬೇಕು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳನ್ನು ಒಲೆಯ ಬೆಳಕಿನಲ್ಲಿ ಒಮ್ಮೆ ಸುತ್ತಿಬರೋಣವೆಂಬುದೇ ಈ ಲೇಖನದ ಉದ್ದೇಶ. ಸುತ್ತಿನ ಕೊನೆಗೆ ನಾವು ಬೆಟ್ಟ ಹತ್ತುವುದೂ ಇದೆ. ಆದುದರಿಂದ ಓದುಗರು ಕೈಚೀಲದಲ್ಲಿ ಒಂದು ಸಣ್ಣ ಸ್ಟೌವನ್ನು ಇಟ್ಟುಕೊಂಡೇ ಹೊರಡಬೇಕು.

ಜಯನಗರಕ್ಕೆ 1948ರಲ್ಲಿ ಶಂಕುಸ್ಥಾಪನೆ ಮಾಡಿದವರು ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು. ಆ ಹೊಸ ಬಡಾವಣೆಯ ಮನೆಗಳಲ್ಲಿ ಸಂಸಾರ ಹೂಡಿದ ಮೊದಲ ಪೀಳಿಗೆಯ ಗೃಹಿಣಿಯರಿಗೆ ಸೌದೆ ಒಲೆ, ಇದ್ದಿಲು ಒಲೆ, ಸ್ನಾನದ ಹಂಡೆಗೆ ಮರದ ಹೊಟ್ಟಿನ ಒಲೆ, ಇವೆಲ್ಲವೂ ಪರಿಚಿತವೇ. ಆದರೆ ಬೆಳಗಿನ ಕಾಫಿಗೆ, ಆಫೀಸಿಗೆ ಹೊರಟವರ ಅವಸರದ ಉಪ್ಪಿಟ್ಟಿಗೆ ನೆರವಾಗುತ್ತಿದ್ದುದು ಹಿತ್ತಾಳೆಯ ಪಂಪ್ ಸ್ಟೌ. ಮೂರು ಕಾಲು, ಹೊಳೆಯುವ ಹೊಟ್ಟೆ, ಪಕ್ಕದಲ್ಲೊಂದು ಪಂಪು, ನೆತ್ತಿಯ ಮೇಲೆ ಬರ್ನರು. ಉರಿಯತೊಡಗಿದರೆ ಮನೆಯೆಲ್ಲ ಕೇಳುವಂಥ ‘ಭರ್’ ಎಂಬ ನಾದ. ಸ್ವೀಡನ್ ದೇಶದ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬಾತ 1892ರ ಸುಮಾರಿನಲ್ಲಿ ರೂಪಿಸಿದ ‘ಪ್ರೈಮಸ್’ ಸ್ಟೌವಿನ ವಂಶಕ್ಕೆ ಸೇರಿದ್ದು ಅದು. ಧ್ರುವಪ್ರದೇಶದ ಹಿಮದಲ್ಲಿ ನಾನ್ಸೆನ್ನನ ಜೊತೆ ಸಾಗಿದ ಒಲೆಯೂ ನಮ್ಮ ಅಜ್ಜಿಯರ ಅಡಿಗೆಮನೆಯ ಒಲೆಯೂ ಒಂದೇ ಕುಲದವು ಎಂದರೆ ಆಶ್ಚರ್ಯವಾದೀತು, ಆದರೂ ಸತ್ಯ.

ಒಲೆಯ ಒಡಲೊಳಗೆ

ಈ ಒಲೆಯ ಮರ್ಮ ಸರಳವಾದುದು. ಸೀಮೆಎಣ್ಣೆ ದ್ರವರೂಪದಲ್ಲಿ ಚೆನ್ನಾಗಿ ಉರಿಯದು. ಬತ್ತಿಗೆ ಹತ್ತಿಸಿದರೆ ಹಳದಿ ಬೆಳಕು, ಕರಿಯ ಮಸಿ. ಅದನ್ನೇ ಕಾಯಿಸಿ ಆವಿಮಾಡಿ, ಒತ್ತಡದಿಂದ ಸಣ್ಣ ರಂಧ್ರದ ಮೂಲಕ ಚಿಮ್ಮಿಸಿದರೆ ಆ ಆವಿಯ ಧಾರೆ ಸುತ್ತಲಿನ ಗಾಳಿಯನ್ನು ತನ್ನೊಡನೆ ಸೆಳೆದುಕೊಂಡು ಬೆರೆತು ನೀಲಿಯಾಗಿ ಉರಿಯುತ್ತದೆ. ಮೊದಲು ಬರ್ನರಿನ ಕೆಳಗಣ ಬಟ್ಟಲಿನಲ್ಲಿ ಸ್ವಲ್ಪ ಸ್ಪಿರಿಟ್ ಉರಿಸಿ ಕೊಳವೆಯನ್ನು ಕಾಯಿಸುವುದೇಕೆಂದರೆ, ಒಳಗಿನ ಎಣ್ಣೆ ಆವಿಯಾಗಲೆಂದು. ಒಮ್ಮೆ ಹತ್ತಿಕೊಂಡ ಮೇಲೆ ಜ್ವಾಲೆಯೇ ತನಗೆ ಬೇಕಾದ ಶಾಖವನ್ನು ಒದಗಿಸಿಕೊಳ್ಳುತ್ತದೆ.

ಬನಶಂಕರಿ ದೇವಾಲಯದ ಪ್ರಾಂಗಣದಲ್ಲಿ ರಾಹುಕಾಲದ ಪೂಜೆಗೆ ನಿಂಬೆಹಣ್ಣಿನ ಹೋಳುಗಳಲ್ಲಿ ದೀಪ ಹಚ್ಚುವ ಸಾಲುಗಳನ್ನು ನೋಡಿದವರಿಗೆ ಈ ವ್ಯತ್ಯಾಸ ಸುಲಭವಾಗಿ ಹೊಳೆಯುತ್ತದೆ. ದೀಪದ ಹೊಂಬಣ್ಣವು ಪೂರ್ಣವಾಗಿ ಉರಿಯದೆ ಕಾದು ಹೊಳೆಯುವ ಇಂಗಾಲದ ಕಣಗಳದು. ದೇವರ ಮುಂದೆ ಅದು ಮಂಗಳಕರ. ಪಾತ್ರೆಯ ಕೆಳಗೆ ಅದೇ ಬಣ್ಣ ಕಂಡರೆ ಮಾತ್ರ ಒಲೆಯಲ್ಲಿ ಏನೋ ದೋಷವಿದೆಯೆಂದೇ ತಿಳಿಯಬೇಕು.

ಮೇಲೆ ಹೇಳಿದ ಆ ಸಣ್ಣ ರಂಧ್ರವೇ ನಮ್ಮ ಕಥೆಯ ನಾಯಕ. ಪೇಟೆಯಲ್ಲಿ ಅದಕ್ಕೆ ‘ನಿಪ್ಪಲ್’ ಎಂದು ಹೆಸರು. ಬೆಟ್ಟ ಹತ್ತುವ ತರುಣರು ‘ಜೆಟ್’ ಎನ್ನುತ್ತಾರೆ. ತಗಡಿನ ಪಟ್ಟಿಯ ತುದಿಗೆ ಕೂದಲೆಳೆಯಂಥ ತಂತಿಯನ್ನು ಸಿಕ್ಕಿಸಿದ ‘ಸ್ಟೌ ಪಿನ್’ ಇಲ್ಲದ ಮನೆ ಒಂದು ಕಾಲದಲ್ಲಿ ಇರಲಿಲ್ಲ. ರಂಧ್ರ ಕಟ್ಟಿಕೊಂಡಾಗ ಆ ತಂತಿಯಿಂದ ಚುಚ್ಚಿ ಬಿಡಿಸಬೇಕು. ತಂತಿ ಮುರಿದಾಗ ಹೊಲಿಗೆಯ ಸೂಜಿಯ ಮೊನೆಯಿಂದ ತಿವಿಯುವುದೂ ಇತ್ತು. ಆಗ ಬೀದಿಯಲ್ಲಿ ಕೂಗುತ್ತ ಬಂದ ಸ್ಟೌ ರಿಪೇರಿಯವನು, “ಅಮ್ಮಾವ್ರೇ, ತೂತು ಅಗಲವಾಗಿಬಿಟ್ಟಿದೆ, ಇನ್ನು ಪಿನ್ ಹಾಕಿ ಪ್ರಯೋಜನವಿಲ್ಲ, ನಿಪ್ಪಲ್ಲೇ ಬದಲಾಯಿಸಬೇಕು” ಎಂದು ತೀರ್ಪು ಕೊಡುತ್ತಿದ್ದ. ಅವನ ತೀರ್ಪಿನಲ್ಲಿ ಭೌತಶಾಸ್ತ್ರದ ಒಂದು ಅಧ್ಯಾಯವೇ ಅಡಗಿತ್ತು.

ದೊಡ್ಡ ಅಣುವಿಗೆ ಚಿಕ್ಕ ಬಾಗಿಲು

ಇಂಧನದ ಅಣು ದೊಡ್ಡದಾದಷ್ಟೂ ಅದರ ಆವಿ ಉರಿಯಲು ಹೆಚ್ಚು ಗಾಳಿ ಬೇಕು. ಒಂದು ಪಾಲು ಮೀಥೇನ್ ಅನಿಲಕ್ಕೆ ಸುಮಾರು 9.5 ಪಾಲು ಗಾಳಿ ಸಾಕು. ನಮ್ಮ ಸಿಲಿಂಡರುಗಳಲ್ಲಿರುವ ಪ್ರೊಪೇನಿಗೆ 24, ಬ್ಯೂಟೇನಿಗೆ 31. ಪೆಟ್ರೋಲಿನ ಪ್ರತಿನಿಧಿಯೆನ್ನಬಹುದಾದ ಆಕ್ಟೇನಿನ ಒಂದು ಪಾಲು ಆವಿಗೆ ಸುಮಾರು 60. ಸೀಮೆಎಣ್ಣೆಯಲ್ಲಿರುವ ಡೋಡೆಕೇನಿಗೆ 88. ಇಷ್ಟು ಗಾಳಿಯನ್ನು ಸೆಳೆದು ತರಬೇಕಾದರೆ ಆವಿಯ ಧಾರೆ ತೆಳ್ಳಗಾಗಿಯೂ ರಭಸವಾಗಿಯೂ ಇರಬೇಕು. ಅಲ್ಲದೆ ಭಾರವಾದ ಆವಿಯ ಒಂದು ಗುಟುಕಿನಲ್ಲಿರುವ ಶಾಖವೂ ಹೆಚ್ಚು. ಆದುದರಿಂದ ಅಷ್ಟೇ ಉರಿಗೆ ಕಡಿಮೆ ಆವಿ ಸಾಕು. ಹೀಗೆ ಎರಡು ಕಾರಣಗಳಿಂದ ಸೀಮೆಎಣ್ಣೆಗೆ ಅತಿ ಚಿಕ್ಕ ರಂಧ್ರ, ಪೆಟ್ರೋಲಿಗೆ ಅದಕ್ಕಿಂತ ದೊಡ್ಡದು, ಸಿಲಿಂಡರಿನ ಅನಿಲಕ್ಕೆ ಇನ್ನೂ ದೊಡ್ಡದು.

ಈ ನಿಯಮವನ್ನು ಪರೀಕ್ಷಿಸಲು ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಈಗ ನೆಲದಡಿಯ ಕೊಳವೆಯಲ್ಲಿ ನೈಸರ್ಗಿಕ ಅನಿಲ ಬರುತ್ತಿದೆ. ಅದರಲ್ಲಿ ಬಹುಪಾಲು ಮೀಥೇನ್. ಸಂಪರ್ಕ ಕೊಡಲು ಬಂದ ಕೆಲಸಗಾರ ಮೊದಲು ಮಾಡುವ ಕೆಲಸವೆಂದರೆ ಹಳೆಯ ಗ್ಯಾಸ್ ಒಲೆಯ ಜೆಟ್ಟುಗಳನ್ನು ಮಾರ್ಪಡಿಸುವುದು. ಸಿಲಿಂಡರಿನ ಅನಿಲ ಒಲೆಗೆ ಬರುವುದು ಸುಮಾರು 30 ಮಿಲಿಬಾರ್ ಒತ್ತಡದಲ್ಲಿ. ಕೊಳವೆಯ ಅನಿಲ 21 ಮಿಲಿಬಾರಿನಲ್ಲಿ. ಒತ್ತಡವೂ ಕಡಿಮೆ, ಒಂದು ಘನ ಮೀಟರಿನಲ್ಲಿರುವ ಶಾಖವೂ ಕಡಿಮೆ. ಆದ್ದರಿಂದ ರಂಧ್ರ ದೊಡ್ಡದಾಗಲೇಬೇಕು. ಮಾರ್ಪಡಿಸದೆ ಹಚ್ಚಿದರೆ ಬೇಳೆ ಬೇಯುವ ಹೊತ್ತಿಗೆ ಹಸಿವೆಯೇ ಬೆಂದುಹೋಗುತ್ತದೆ. ಇದಕ್ಕೆ ವಿರುದ್ಧವಾಗಿ, ಕೊಳವೆಯ ಅನಿಲಕ್ಕೆ ಹೊಂದಿಸಿದ ಒಲೆಯನ್ನು ಮನೆ ಬದಲಾಯಿಸಿದಾಗ ಒಯ್ದು ಸಿಲಿಂಡರಿಗೆ ಜೋಡಿಸುವುದು ಅಪಾಯ. ದೊಡ್ಡ ರಂಧ್ರದಿಂದ ಅನಿಲ ಮಿತಿಮೀರಿ ನುಗ್ಗಿ, ಹಳದಿ ಜ್ವಾಲೆ ಮೇಲೆದ್ದು, ಮಸಿಯೊಡನೆ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡೂ ಹುಟ್ಟುತ್ತದೆ. ಬಾಡಿಗೆಮನೆಗಳ ಈ ಊರಿನಲ್ಲಿ ಮನೆಯೊಡತಿಯರು ನೆನಪಿಡಬೇಕಾದ ಸಂಗತಿ ಇದು.

ಕೈಚೀಲದ ಒಲೆ

ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನ ಮೊದಲಕ್ಷರಗಳಿಂದ ಬಿ.ಟಿ.ಎಂ. ಬಡಾವಣೆಗೆ ಹೆಸರಾಯಿತು. ಇಲ್ಲಿನ ಪೇಯಿಂಗ್ ಗೆಸ್ಟ್ ಮನೆಗಳಲ್ಲಿ ಇಳಿದುಕೊಂಡಿರುವ ಉದ್ಯೋಗಸ್ಥ ತರುಣ ತರುಣಿಯರು ವಾರದ ಐದು ದಿನ ಕಂಪ್ಯೂಟರಿನ ಮುಂದೆ ಕುಳಿತು, ಶನಿವಾರ ಬಂತೆಂದರೆ ಬೆನ್ನಿಗೆ ಚೀಲ ಬಿಗಿದು ಸಾವನದುರ್ಗಕ್ಕೋ ಕಬ್ಬಾಳದುರ್ಗಕ್ಕೋ ಹೊರಡುತ್ತಾರೆ. ಕೆಲವರು ವರ್ಷಕ್ಕೊಮ್ಮೆ ಹಿಮಾಲಯಕ್ಕೂ ಹೋಗುತ್ತಾರೆ. ಇಂಥವರ ಚೀಲಗಳಲ್ಲಿ ಈಚೆಗೆ ಕಾಣುವುದು ಬಹುಇಂಧನ ಸ್ಟೌ. ಅಂಗೈಯಗಲದ ಬರ್ನರು, ಮಡಚುವ ಕಾಲುಗಳು, ಸಣ್ಣ ಕೊಳವೆಯ ತುದಿಗೆ ಅಲ್ಯೂಮಿನಿಯಂ ಸೀಸೆ, ಸೀಸೆಯ ಬಾಯಿಗೆ ಪಂಪು. ಅಜ್ಜಿಯ ಹಿತ್ತಾಳೆ ಸ್ಟೌವಿನ ಹೊಟ್ಟೆಯನ್ನು ಬೇರ್ಪಡಿಸಿ ದೂರವಿಟ್ಟಂತೆ ಇದರ ರಚನೆ.

ಪ್ರೈಮಸ್ ಸಂಸ್ಥೆಯ ಮೊದಲ ‘ಓಮ್ನಿಫ್ಯುಯಲ್’ ಮಾದರಿಯೊಡನೆ ಮೂರು ಜೆಟ್ಟುಗಳು ಬರುತ್ತಿದ್ದವು: ಅನಿಲಕ್ಕೆ 0.45 ಮಿಲಿಮೀಟರು, ಪೆಟ್ರೋಲ್ ಜಾತಿಯ ತಿಳಿ ಇಂಧನಕ್ಕೆ 0.37, ಸೀಮೆಎಣ್ಣೆ ಹಾಗೂ ಡೀಸೆಲಿಗೆ 0.28. ಅಮೆರಿಕದ ಎಂ.ಎಸ್.ಆರ್. ಸಂಸ್ಥೆಯ ‘ವಿಸ್ಪರ್‌ಲೈಟ್ ಇಂಟರ್‌ನ್ಯಾಷನಲ್’ ಸ್ಟೌವಿನಲ್ಲಿ ತಿಳಿ ಇಂಧನದ ಜೆಟ್ಟಿನ ಮೇಲೆ ‘ಯುಜಿ’ ಎಂದೂ ಸೀಮೆಎಣ್ಣೆಯದರ ಮೇಲೆ ‘ಯುಕೆ’ ಎಂದೂ ಅಕ್ಷರಗಳನ್ನು ಕೊರೆದಿರುತ್ತಾರೆ. ‘ಆಪ್ಟಿಮಸ್ ನೋವಾ’ ಎಂಬುದು ಎಲ್ಲ ದ್ರವ ಇಂಧನಗಳಿಗೂ ಒಂದೇ ಜೆಟ್ಟಿನಿಂದ ಕೆಲಸ ತೆಗೆಯುತ್ತದೆ. ಕೊಳ್ಳುವವರು ತಮ್ಮ ಮಾದರಿ ಯಾವುದೆಂದು ನೋಡಿ, ಅದರ ಕೈಪಿಡಿ ಹೇಳಿದ ಜೆಟ್ಟನ್ನೇ ಹಾಕಬೇಕು. 0.37ಕ್ಕೂ 0.28ಕ್ಕೂ ಇರುವ ಅಂತರ ಕಣ್ಣಿಗೆ ಕಾಣದು. ಜ್ವಾಲೆಗೆ ಮಾತ್ರ ಚೆನ್ನಾಗಿ ಕಾಣುತ್ತದೆ. ಪೆಟ್ರೋಲಿನ ಜೆಟ್ಟಿನಲ್ಲಿ ಸೀಮೆಎಣ್ಣೆ ಹಾಯಿಸಿದರೆ ಹಳದಿ ಜ್ವಾಲೆ, ಪಾತ್ರೆಗೆ ಕಾಡಿಗೆ. ಸೀಮೆಎಣ್ಣೆಯ ಜೆಟ್ಟಿನಲ್ಲಿ ಪೆಟ್ರೋಲ್ ಹಾಯಿಸಿದರೆ ಉರಿ ಬಡವಾಗುತ್ತದೆ. ಮೊದಲನೆಯದಕ್ಕಿಂತ ಎರಡನೆಯದು ಮೇಲು, ಎರಡೂ ಬೇಡ.

ಹಾಗಾದರೆ ಯಾವ ಇಂಧನ? ವಿದೇಶಗಳಲ್ಲಿ ಈ ಒಲೆಗಳಿಗೆಂದೇ ಮಾರುವ ಶುದ್ಧ ‘ವೈಟ್ ಗ್ಯಾಸ್’ ನಮ್ಮಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಪೆಟ್ರೋಲನ್ನು ಬಿಡಿಯಾಗಿ ಸೀಸೆಗೆ ತುಂಬಿಕೊಡಲು ಅನೇಕ ಬಂಕಿನವರು ಒಪ್ಪುವುದಿಲ್ಲ. ಅವರ ಎಚ್ಚರಿಕೆ ನ್ಯಾಯವಾದದ್ದೇ. ದೊರೆತರೂ 2025ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಕೆಲವು ಜಾತಿಯ ರಬ್ಬರ್ ವಾಷರುಗಳನ್ನು ಉಬ್ಬಿಸುತ್ತದೆ. ಅಂಥ ಪೆಟ್ರೋಲನ್ನು ಸೀಸೆಯಲ್ಲಿ ತಿಂಗಳುಗಟ್ಟಲೆ ಇಡಬಾರದು. ವಾಹನಕ್ಕೆಂದು ಬೆರೆಸಿದ ಇತರ ದ್ರವ್ಯಗಳು ಒಲೆಯ ಕೊಳವೆಯಲ್ಲಿ ಗಟ್ಟಿಯಾಗಿ ಕೂಡುವುದೂ ಉಂಟು. ಸೀಮೆಎಣ್ಣೆ ಹತ್ತಿಕೊಳ್ಳುವುದು ನಿಧಾನ, ವಾಸನೆ ಹೆಚ್ಚು. ಆದರೆ ಪೆಟ್ರೋಲಿನಂತೆ ಥಟ್ಟನೆ ಭುಗಿಲೆನ್ನುವ ಸ್ವಭಾವ ಅದಕ್ಕಿಲ್ಲ. ಪಡಿತರಕ್ಕೆಂದು ನೀಲಿ ಬಣ್ಣ ಬೆರೆಸಿದ ಎಣ್ಣೆಗಿಂತ ಬಣ್ಣವಿಲ್ಲದ ತಿಳಿಯಾದ ಎಣ್ಣೆ ಒಲೆಗೆ ಲೇಸು. ಅನಿಲದ ಚಿಕ್ಕ ಡಬ್ಬಿಗಳು ಅನುಕೂಲವೇನೋ ಹೌದು; ಆದರೆ ಬ್ಯೂಟೇನ್ ಸೊನ್ನೆ ಡಿಗ್ರಿಗಿಂತ ತುಸು ಕೆಳಗೆ ಆವಿಯಾಗುವುದನ್ನೇ ನಿಲ್ಲಿಸುವುದರಿಂದ ಹಿಮದ ಬೆಳಗಿನಲ್ಲಿ ಅದನ್ನು ನೆಚ್ಚುವಂತಿಲ್ಲ.

ಇನ್ನೊಂದು ಮಾತು. ನಮ್ಮ ಮೆಟ್ರೋ, ರೈಲು, ವಿಮಾನ ಯಾವುದರಲ್ಲಿಯೂ ಸೀಮೆಎಣ್ಣೆ, ಪೆಟ್ರೋಲ್, ಅನಿಲದ ಡಬ್ಬಿಗಳನ್ನು ಒಯ್ಯುವಂತಿಲ್ಲ. ಹಿಮಾಲಯಕ್ಕೆ ಹೊರಟವರು ಖಾಲಿ ಸೀಸೆಯನ್ನು ತೊಳೆದು, ಗಾಳಿಗಿಟ್ಟು, ವಾಸನೆ ಹೋಗಲಾಡಿಸಿಕೊಂಡು, ವಿಮಾನ ಸಂಸ್ಥೆಯನ್ನು ಮೊದಲೇ ಕೇಳಿ ಹೊರಡಬೇಕು. ಇಂಧನವನ್ನು ತಲಪಿದ ಊರಿನಲ್ಲಿಯೇ ಕೊಳ್ಳಬೇಕು. ಅಲ್ಲಿ ಯಾವುದು ಸಿಕ್ಕೀತೆಂಬುದು ಜಯನಗರದಲ್ಲಿ ಕುಳಿತು ತಿಳಿಯದು. ಬಹುಇಂಧನ ಸ್ಟೌವಿನ ಸಾರ್ಥಕತೆ ಇರುವುದೇ ಅಲ್ಲಿ. ಎಲ್ಲ ಜೆಟ್ಟುಗಳನ್ನೂ ಚೀಲಕ್ಕೆ ಹಾಕಿಕೊಳ್ಳಬೇಕಾದುದೂ ಅದಕ್ಕಾಗಿಯೇ.

ಐದು ಪ್ರಶ್ನೆಗಳು

ಸ್ಟೌ ಮುನಿಸಿಕೊಂಡಾಗ ಕಂಡ ತಿರುಪನ್ನೆಲ್ಲ ಬಿಚ್ಚುವುದು ಜಾಣತನವಲ್ಲ. ಒಳ್ಳೆಯ ವೈದ್ಯ ನಾಡಿ ನೋಡಿ ಕ್ರಮವಾಗಿ ಪ್ರಶ್ನಿಸುವಂತೆ ಐದು ಪ್ರಶ್ನೆಗಳನ್ನು ಕೇಳಬೇಕು: ಒತ್ತಡವಿದೆಯೆ? ಶಾಖವಿದೆಯೆ? ಇಂಧನ ಶುದ್ಧವೆ? ರಂಧ್ರ ಸರಿಯಿದೆಯೆ? ಗಾಳಿ ಸಾಕೆ?

ಪಂಪು ಕೈಗೆ ತಡೆಯೇ ಕೊಡದೆ ಸಲೀಸಾಗಿ ಆಡಿದರೆ ಅದರ ವಾಷರು ಒಣಗಿದೆ. ತೊಗಲಿನದಾದರೆ ಎರಡು ತೊಟ್ಟು ಎಣ್ಣೆ ಹಾಕಿ, ಅಂಚನ್ನು ಬೆರಳಿನಿಂದ ಮೆಲ್ಲನೆ ಅಗಲಿಸಿ ಮತ್ತೆ ತೂರಿಸಬೇಕು. ಒತ್ತಿದ ಹಿಡಿ ತಾನಾಗಿ ಮೇಲೇಳುತ್ತಿದ್ದರೆ ಪಂಪಿನ ತುದಿಯ ಕವಾಟ ಗಾಳಿಯನ್ನು ಹಿಂದಕ್ಕೆ ಬಿಡುತ್ತಿದೆ ಎಂದರ್ಥ.

ಹತ್ತಿಸಿದ ಕೂಡಲೆ ಮೊಳದುದ್ದದ ಹಳದಿ ಜ್ವಾಲೆಯೆದ್ದು ಎಣ್ಣೆ ತೊಟ್ಟಿಕ್ಕಿದರೆ ಕೊಳವೆ ಸಾಕಷ್ಟು ಕಾದಿಲ್ಲ. ಆಗ ಮತ್ತಷ್ಟು ಪಂಪು ಮಾಡುವುದು ಬೆಂಕಿಗೆ ತುಪ್ಪ ಸುರಿದಂತೆ. ಇಂಧನ ನಿಲ್ಲಿಸಿ, ಉರಿ ಆರಲು ಬಿಟ್ಟು, ಒಲೆ ಪೂರ್ತಿ ತಣ್ಣಗಾದ ಮೇಲೆ ಮೊದಲಿನಿಂದ ಕಾಯಿಸಬೇಕು. ಬಿಸಿಯಾಗಿರುವ ಬಟ್ಟಲಿಗೆ ಸ್ಪಿರಿಟ್ ಸುರಿಯುವುದು ಸಲ್ಲದು. ಸೀಮೆಎಣ್ಣೆಗೆ ಪೆಟ್ರೋಲಿಗಿಂತ ಹೆಚ್ಚು ಹೊತ್ತಿನ ಶಾಖ ಬೇಕು. ಜ್ವಾಲೆ ಏರುತ್ತ ಇಳಿಯುತ್ತ ಏದುಸಿರು ಬಿಟ್ಟರೂ ಮೊದಲು ಶಂಕಿಸಬೇಕಾದುದು ಶಾಖವನ್ನೇ. ಅನಂತರ ಕೊಳವೆಯೊಳಗಣ ಕಸವನ್ನು.

ಜ್ವಾಲೆ ನೀಲಿಯೇ ಆದರೂ ದಿನೇ ದಿನೇ ಕುಗ್ಗುತ್ತಿದ್ದರೆ ರಂಧ್ರ ಕಟ್ಟಿದೆ. ಆ ಜೆಟ್ಟಿಗೆಂದೇ ಕೊಟ್ಟ ತಂತಿಯಿಂದ ಮಾತ್ರ ಬಿಡಿಸಬೇಕು. ದಪ್ಪ ಸೂಜಿ ತೂರಿಸಿದರೆ ಸೀಮೆಎಣ್ಣೆಯ ಜೆಟ್ಟು ಹಾಳಾಯಿತೆಂದೇ ಲೆಕ್ಕ. ಒಲೆ ಚೆನ್ನಾಗಿ ಕಾದ ಮೇಲೂ ಹಳದಿ ಉರಿ ಹೋಗದಿದ್ದರೆ ರಂಧ್ರ ಅಗಲವಾಗಿದೆ, ಇಲ್ಲವೆ ತಪ್ಪು ಜೆಟ್ಟು ಕೂತಿದೆ, ಇಲ್ಲವೆ ಗಾಳಿಯ ದಾರಿ ಮುಚ್ಚಿದೆ. ಒಂದೇ ಮಗ್ಗುಲಿಗೆ ಉರಿದರೆ ಜೆಟ್ಟು ಓರೆಯಾಗಿದೆ ಅಥವಾ ಬರ್ನರಿನ ತಟ್ಟೆ ಸರಿದಿದೆ. ಜೆಟ್ಟಿನ ಬುಡದಲ್ಲಿಯೋ ಸೀಸೆಯ ಬಾಯಲ್ಲಿಯೋ ಸಣ್ಣ ಬೆಂಕಿ ಕಂಡರೆ ಯಾವ ಪ್ರಶ್ನೆಯೂ ಬೇಡ: ಆರಿಸಿ, ತಣಿಸಿ, ಒತ್ತಡ ಇಳಿಸಿ, ವಾಷರು ಬದಲಾಯಿಸಿ. ಉರಿಯುತ್ತಿರುವ ಅಥವಾ ಬಿಸಿಯಾಗಿರುವ ಒಲೆಗೆ ಎಣ್ಣೆ ತುಂಬಲೇಕೂಡದು. ಮುಚ್ಚಿದ ಕೋಣೆಯಲ್ಲಿಯೂ ಡೇರೆಯ ಒಳಗೂ ಹಚ್ಚಕೂಡದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ದಯೆಯೂ ಇಲ್ಲ.

ವಾಷರಿನ ಬೆಲೆ

ಇಷ್ಟೊಂದು ಸಣ್ಣ ವಸ್ತುಗಳ ಮೇಲೆ ಇಷ್ಟೊಂದು ಮಾತೇಕೆಂದು ಕೇಳುವವರಿಗೆ ಇತಿಹಾಸದ ಉತ್ತರವೊಂದಿದೆ. ದಕ್ಷಿಣ ಧ್ರುವದಿಂದ ಹಿಂದಿರುಗುತ್ತಿದ್ದ ಕ್ಯಾಪ್ಟನ್ ಸ್ಕಾಟ್ ಮತ್ತು ಅವನ ಸಂಗಡಿಗರು 1912ರಲ್ಲಿ ತಾವೇ ದಾರಿಯಲ್ಲಿ ಹೂತಿಟ್ಟಿದ್ದ ಎಣ್ಣೆಯ ಡಬ್ಬಿಗಳನ್ನು ತೆರೆದಾಗ ಎಣ್ಣೆ ಕಡಿಮೆಯಾಗಿತ್ತು. ಬಿರಡೆಗಳ ತೊಗಲಿನ ವಾಷರು ಆ ಚಳಿಯಲ್ಲಿ ಕೆಟ್ಟು ಎಣ್ಣೆ ಆವಿಯಾಗಿ ಹೋಗಿತ್ತೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಮೊದಲೇ ಧ್ರುವ ಮುಟ್ಟಿ ಕ್ಷೇಮವಾಗಿ ಹಿಂದಿರುಗಿದ ಅಮುಂಡ್‌ಸನ್ ತನ್ನ ಡಬ್ಬಿಗಳ ಬಾಯಿಗೆ ಬೆಸುಗೆ ಹಾಕಿಸಿದ್ದ. ಸ್ಕಾಟನ ತಂಡದ ಸಾವಿಗೆ ಕಾರಣಗಳು ಹಲವು. ಎಣ್ಣೆಯ ಕೊರತೆ ಅವುಗಳಲ್ಲೊಂದು.

ಧ್ರುವದ ಮಾತು ಹಾಗಿರಲಿ. ನಮ್ಮ ಊರಿನಲ್ಲಿಯೇ ಸ್ಟೌವಿನ ಹೆಸರಿಗೆ ಅಂಟಿಕೊಂಡ ಒಂದು ಕರಾಳ ಅಧ್ಯಾಯವಿದೆ. ‘ಸ್ಟೌ ಸಿಡಿದು ಗೃಹಿಣಿಯ ಸಾವು’ ಎಂಬ ನಾಲ್ಕು ಸಾಲಿನ ಸುದ್ದಿಯನ್ನು ಬಹುಕಾಲ ನಾವು ಪತ್ರಿಕೆಯ ಮೂಲೆಯಲ್ಲಿ ಓದಿ ಪುಟ ಮಗುಚಿದೆವು. 1990ರ ದಶಕದಲ್ಲಿ ಬೆಂಗಳೂರಿನ ‘ವಿಮೋಚನಾ’ ಮಹಿಳಾ ಸಂಘಟನೆ ಹೀಗೆ ಆಕಸ್ಮಿಕವೆಂದು ಬರೆದು ಮುಚ್ಚಿಹೋಗುತ್ತಿದ್ದ ಎಳೆಯ ವಿವಾಹಿತೆಯರ ಸಾವುಗಳ ಬಗ್ಗೆ ಪ್ರಶ್ನೆಯೆತ್ತಿತು. ಸ್ಟೌವಿನ ಗುಣ ಬಲ್ಲವರಿಗೆ ಆ ಪ್ರಶ್ನೆಯ ತೂಕ ತಿಳಿಯುತ್ತದೆ. ಒಲೆ ಸೋರಬಹುದು, ಭುಗಿಲೇಳಬಹುದು, ತುಂಬುವಾಗ ಹತ್ತಿಕೊಳ್ಳಬಹುದು. ಇವು ನಿಜವಾದ ಅಪಾಯಗಳು, ಇವುಗಳಿಂದ ಅಮಾಯಕರು ಸುಟ್ಟುಕೊಂಡದ್ದೂ ಉಂಟು. ಆದರೆ ಸಿಡಿದ ಒಲೆಯ ಹೊಟ್ಟೆ ಹರಿದಿರಲೇಬೇಕು. ಹರಿಯದ ಹಿತ್ತಾಳೆ ಮೂಲೆಯಲ್ಲಿ ಹೊಳೆಯುತ್ತ ಕುಳಿತಿದ್ದರೆ ಒಲೆ ಸಿಡಿದಿಲ್ಲ. ಯಂತ್ರ ಹೇಗೆ ಕೆಡುತ್ತದೆಂಬ ತಿಳಿವಳಿಕೆ ಬೆಟ್ಟದ ಮೇಲೆ ಅನ್ನ ಬೇಯಿಸುವುದಕ್ಕೆ ಮಾತ್ರವಲ್ಲ, ಬೀದಿಯ ಸುದ್ದಿಯನ್ನು ಕಣ್ಣು ಮುಚ್ಚಿ ನಂಬದಿರುವುದಕ್ಕೂ ಬೇಕು.

ಹಸಿರು ಗೆರೆಯಾಚೆಗೆ

ಈಗ ಊರಿನ ಅಂಚಿಗೆ ನಡೆಯೋಣ. ಸೌತ್ ಎಂಡ್ ವೃತ್ತ, ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ಮಣಿಗಳಂತೆ ಪೋಣಿಸಿ ಸಾಗುವ ಮೆಟ್ರೋ ಹಸಿರು ಮಾರ್ಗ 2017ರಲ್ಲಿ ಯಲಚೇನಹಳ್ಳಿಯವರೆಗೂ, 2021ರಲ್ಲಿ ರೇಷ್ಮೆ ಸಂಸ್ಥೆಯವರೆಗೂ ಬಂದಿತು. ಬಿ.ಟಿ.ಎಂ. ಬಡಾವಣೆಯ ಮೇಲೆ ಹಾದುಹೋಗುವ ಹಳದಿ ಮಾರ್ಗ 2025ರಲ್ಲಿ ಓಡತೊಡಗಿತು. ಕನಕಪುರ ರಸ್ತೆಯಲ್ಲಿ ಇನ್ನೂ ದಕ್ಷಿಣಕ್ಕೆ ಹೋದರೆ ಕಟ್ಟಡಗಳು ತೆಳುವಾಗಿ, ಬಂಡೆಗಳೂ ಹೊಲಗಳೂ ಕಾಣಿಸಿಕೊಂಡು, ದೂರದಲ್ಲಿ ಬೆಟ್ಟಗಳ ಬೆನ್ನು ಏಳುತ್ತದೆ.

ಅಲ್ಲಿ ಎಲ್ಲೆಂದರಲ್ಲಿ ಒಲೆ ಹೂಡಬಹುದೆಂದು ಭಾವಿಸಬಾರದು. ನಮ್ಮ ಅರಣ್ಯ ಕಾಯಿದೆಯ ಪ್ರಕಾರ ಮೀಸಲು ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧ. ಬೇಸಗೆಯ ಒಣಹುಲ್ಲಿಗೆ ಒಂದು ಕಿಡಿ ಸಾಕು. ಅನುಮತಿಯಿರುವ ಕಡೆ, ಬರಿಯ ಬಂಡೆಯ ಮೇಲೆ, ಗಾಳಿಗೆ ಮರೆಮಾಡಿ ಹಚ್ಚಬೇಕು. ಆದರೆ ಮರೆಯ ತಗಡು ಇಂಧನದ ಸೀಸೆಯನ್ನು ಒಲೆಯ ಕಡೆಗೆ ಸೇರಿಸಿಕೊಳ್ಳಬಾರದು. ಸೀಸೆ ಯಾವಾಗಲೂ ಮರೆಯ ಆಚೆ, ತಣ್ಣಗೆ, ಇರಬೇಕು.

ಎತ್ತರವೂ ಅಡಿಗೆಯಲ್ಲಿ ಕೈಯಾಡಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರು ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಹಿಮಾಲಯದ 3000 ಮೀಟರಿನಲ್ಲಿ ಸುಮಾರು 90, 5000 ಮೀಟರಿನಲ್ಲಿ 83. ಅಲ್ಲಿ ಅನ್ನ ಬೇಯದಿದ್ದರೆ ಒಲೆಯನ್ನೋ ಜೆಟ್ಟನ್ನೋ ದೂರಬೇಕಾಗಿಲ್ಲ. ಪುಟ್ಟದೊಂದು ಪ್ರೆಷರ್ ಕುಕ್ಕರನ್ನು ಹೊತ್ತೊಯ್ದರೆ ಆಯಿತು. ಎತ್ತರ ಏರಿದಂತೆ ಗಾಳಿ ತೆಳುವಾಗುವುದರಿಂದ ಜ್ವಾಲೆ ಹಳದಿಗೆ ತಿರುಗಬಹುದು. ಆಗ ಉರಿಯನ್ನು ತಗ್ಗಿಸಿಕೊಳ್ಳಬೇಕು.

ಹೊರಡುವ ಮುನ್ನ ಒಂದು ಸಂಜೆ ಮನೆಯ ತಾರಸಿಯ ಮೇಲೆ ಸ್ಟೌವನ್ನು ಪೂರ್ತಿ ಬಿಚ್ಚಿ ಜೋಡಿಸಿ, ಅಲ್ಲಿ ಸಿಗಬಹುದಾದ ಇಂಧನದಿಂದಲೇ ಒಂದು ಲೀಟರು ನೀರು ಕುದಿಸಿ ನೋಡಬೇಕು. ಮಕ್ಕಳು ದೂರದಿಂದ ನೋಡಲಿ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ, ಏಕೆಂದರೆ ಹತ್ತಿದ ಎಣ್ಣೆಗೆ ನೀರೆರಚಿದರೆ ಬೆಂಕಿ ಹರಡುತ್ತದೆ. ಎರಡು ವಾಷರು, ಒಂದು ಪಿನ್, ಜೆಟ್ಟುಗಳು, ಅವನ್ನು ಬಿಚ್ಚುವ ಪಾನಾ: ಇಷ್ಟನ್ನು ಒಂದು ಚಿಕ್ಕ ಡಬ್ಬಿಯಲ್ಲಿಟ್ಟು, ಯಾವ ಇಂಧನಕ್ಕೆ ಯಾವ ಜೆಟ್ಟೆಂಬುದನ್ನು ಮುಚ್ಚಳದ ಮೇಲೆ ಬರೆದಿಡಬೇಕು. ಬೆಟ್ಟದ ಮೇಲೆ ಕತ್ತಲಾದ ಬಳಿಕ 0.37ನ್ನೂ 0.28ನ್ನೂ ಬೇರ್ಪಡಿಸಿ ತೋರಿಸುವ ಕಣ್ಣು ಯಾರಿಗೂ ಇಲ್ಲ. ಜಯನಗರದ ಬೀದಿಗಳಲ್ಲಿ ಇಂದಿಗೂ “ಗ್ಯಾಸ್ ಸ್ಟೌ, ಕುಕ್ಕರ್ ರಿಪೇರಿ” ಎಂದು ಕೂಗುತ್ತ ಹೋಗುವವನನ್ನು ಕರೆದು ಕೂಡಿಸಿಕೊಂಡು, ಅವನು ಜೆಟ್ಟು ಬಿಚ್ಚುವುದನ್ನು ಒಮ್ಮೆ ಗಮನವಿಟ್ಟು ನೋಡಿದವರಿಗೆ ಈ ಕೆಲಸ ಕಷ್ಟವಾಗದು.